‘ಸರ್ಕಾರಿ ವಕೀಲ’ ಅಂದರೆ ಸರಿಯಾಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಕಾನೂನು ಅರಿವು ಶಿಬಿರಕ್ಕೆ ಒಂದು ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು. ವಿಷಯ ಅಮೆರಿಕದ ಗಿಡಿಯನ್ ಕೇಸು. ಫ್ಲಾರಿಡಾದಲ್ಲಿ ಪೂಲ್ ಆಟದ ಅಂಗಡಿಗೆ ನುಗ್ಗಿದ ಆರೋಪ. ಆರೋಪಿ ಕ್ಲಾರೆನ್ಸ್ ಗಿಡಿಯನ್ ಬಡವ. ವಕೀಲರನ್ನು ಕೊಡಿ ಎಂದು ಕೇಳಿದ, ಕೋರ್ಟು ಕೊಡಲಿಲ್ಲ. ಜೈಲಿನಿಂದಲೇ ಪೆನ್ಸಿಲಿನಲ್ಲಿ ಅರ್ಜಿ ಬರೆದ. 1963ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಅವನ ಮಾತು ಒಪ್ಪಿದರು. ಮರುವಿಚಾರಣೆಯಲ್ಲಿ ವಕೀಲರು ಸಿಕ್ಕರು, ಬಿಡುಗಡೆಯೂ ಆಯಿತು. ‘ಅಪಾಯಿಂಟೆಡ್ ಕೌನ್ಸೆಲ್’ಗೆ ‘ಸರ್ಕಾರಿ ವಕೀಲ’ ಎಂದು ಹಾಕಿದ್ದೇನೆ. ನಡೆಯುತ್ತದೆಯೇ?
– ಮೈಸೂರಿನಿಂದ

ನಡೆಯಲ್ಲ. ಅರ್ಥವೇ ತಿರುಗಿಬಿಡುತ್ತದೆ. ಸರ್ಕಾರಿ ವಕೀಲರು ಅಂದರೆ ಆರೋಪಿಯ ವಿರುದ್ಧ ವಾದಿಸುವ ಪಬ್ಲಿಕ್ ಪ್ರಾಸಿಕ್ಯೂಟರ್. ಗಿಡಿಯನ್ ಕೇಳಿದ್ದು ಅವರನ್ನಲ್ಲ. ‘ಕೋರ್ಟು ಕೊಡುವ ವಕೀಲರು’ ಅನ್ನಿ.
– ಮಂಡ್ಯದಿಂದ

‘ವಕೀಲ’ ಅರಬ್ಬಿ ಪದ, ಫಲಕದಲ್ಲಿ ಬೇಡ. ‘ನ್ಯಾಯಾಲಯ ನಿಯೋಜಿತ ನ್ಯಾಯವಾದಿ’ ಎಂದು ಬರೆಯಿರಿ. ಬೇರೆ ಕಡೆ ‘ಉಚಿತ’ ಹಾಕಿದ್ದರೆ ಅದನ್ನೂ ತೆಗೆಯಿರಿ. ಸಂಸ್ಕೃತದಲ್ಲಿ ಅದಕ್ಕೆ ‘ತಕ್ಕದ್ದು’ ಎಂದರ್ಥ, ‘ಪುಕ್ಕಟೆ’ ಎಂದಲ್ಲ. ಚರ್ಚೆ ಅನಗತ್ಯ.
– ಕುವೆಂಪುನಗರದಿಂದ

ಅನಗತ್ಯ ಹೇಗಾಗುತ್ತದೆ ಸ್ವಾಮಿ? ವಕೀಲ ಅರಬ್ಬಿ ಅಂತ ತೆಗೆದರೆ ‘ಹಕ್ಕು’ ಏನು ಮಾಡುತ್ತೀರಿ? ಅದೂ ಅರಬ್ಬಿಯೇ. ಅರ್ಜಿ, ಕೈದಿ, ಜಾಮೀನು ಎಲ್ಲ ಆ ಕಡೆಯವೇ. ನಿಮ್ಮ ನ್ಯಾಯವಾದಿಯೂ ಸಂಸ್ಕೃತದ ಎರವಲು. ‘ಉಚಿತ’ಕ್ಕೆ ಕನ್ನಡದಲ್ಲಿ ಎರಡೂ ಅರ್ಥ ಬೇರೂರಿ ಎಷ್ಟೋ ಕಾಲವಾಯಿತು.

ನಮ್ಮ ಚಿಕ್ಕಪ್ಪನ ಮೇಲೆ ಒಂದು ಕೇಸು ಬಿದ್ದಿತ್ತು. ನಾನೂ ಜೊತೆಗೆ ಹೋಗಿದ್ದೆ. ‘ನಿಯೋಜಿತ ನ್ಯಾಯವಾದಿ ಬೇಕೆ?’ ಎಂದು ಕೇಳಿದರು. ಚಿಕ್ಕಪ್ಪ ಟವೆಲ್ಲು ಹೆಗಲಿಂದ ಇಳಿಸಿ, ‘ಬ್ಯಾಡಿ ಸ್ವಾಮಿ, ನಮ್ಮತ್ರ ಕಾಸಿಲ್ಲ’ ಅಂದರು. ಪಕ್ಕದಲ್ಲಿದ್ದ ಗುಮಾಸ್ತರೊಬ್ಬರು, ‘ಕೋರ್ಟಿನವರೇ ವಕೀಲರನ್ನ ಕೊಡ್ತಾರೆ ಗೌಡ್ರೇ, ನೀವು ಫೀಸು ಕೊಡ್ಬೇಕಾಗಿಲ್ಲ’ ಎಂದಮೇಲೆ ‘ಹಂಗಾದ್ರೆ ಕೊಡ್ಸಿ’ ಅಂದರು. ಆ ಗುಮಾಸ್ತರು ಅಲ್ಲಿರದಿದ್ದರೆ?

1986ರಲ್ಲಿ ಸುಕ್ ದಾಸ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ. ಆರೋಪಿ ಬಾಯಿಬಿಟ್ಟು ಕೇಳಲಿಲ್ಲ ಅಂತ ಉಚಿತ ನೆರವು ತಪ್ಪಿಸುವಂತಿಲ್ಲ, ಹೀಗೊಂದು ಹಕ್ಕಿದೆ ಎಂದು ಅವನಿಗೆ ತಿಳಿಸಬೇಕು. ಅರ್ಥವಾಗದ ಪದದಲ್ಲಿ ತಿಳಿಸಿದರೆ ತಿಳಿಸಿದ ಹಾಗಾಯಿತೇ?
– ಮಂಡ್ಯದಿಂದ

ಜನ ಆಡುವುದೆಲ್ಲ ಬರವಣಿಗೆಗೆ ಬಂದರೆ ಭಾಷೆ ಉಳಿಯುವುದಿಲ್ಲ. ನನ್ನ ನಿಲುವು ಅದೇ.
– ಕುವೆಂಪುನಗರದಿಂದ

ಇಬ್ಬರಿಗೂ ಧನ್ಯವಾದ. ‘ಸರ್ಕಾರಿ ವಕೀಲ’ ಹೊಡೆದು ಹಾಕಿದೆ. ಹಾಗೇ ಹೋಗಿದ್ದರೆ ಎಷ್ಟು ದೊಡ್ಡ ತಪ್ಪಾಗುತ್ತಿತ್ತು! ಈಗ ದಪ್ಪಕ್ಷರದಲ್ಲಿ ಹೀಗೆ ಬರೆದಿದ್ದೇನೆ: ‘ನಿಮ್ಮತ್ರ ದುಡ್ಡಿಲ್ಲದಿದ್ದರೂ ಕೋರ್ಟು ನಿಮಗೆ ವಕೀಲರನ್ನು ಕೊಡಬೇಕು.’ ‘ನಿಮ್ಮತ್ರ’ ಇರಲೋ, ‘ನಿಮ್ಮ ಹತ್ತಿರ’ ಅಂತ ಬಿಡಿಸಲೋ? ಬೆಳಗ್ಗೆ ಹತ್ತರೊಳಗೆ ಹೇಳಿ.
– ಮೈಸೂರಿನಿಂದ