ಸರಾಯೆವೊದಿಂದ ಡುಬ್ರೊವ್ನಿಕ್‌ಗೆ ಡ್ರೈವರ್ ಸಮೇತ ಕಾರು: 190 ಯೂರೋನಾ, 290 ಯೂರೋನಾ?

ಮೂಟೆಗಾರ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮೂರನೇ ವಾರ ಇಸ್ತಾನ್‌ಬುಲ್ ಮೇಲೆ ಸರಾಯೆವೊಗೆ ಬಂದಿಳಿಯುತ್ತೇವೆ. ಅಲ್ಲಿ ಮೂರು ದಿನ, ಆಮೇಲೆ ಡುಬ್ರೊವ್ನಿಕ್. ವಾಪಸ್ ವಿಮಾನ ಡುಬ್ರೊವ್ನಿಕ್‌ನಿಂದಲೇ, ಮತ್ತೆ ಇಸ್ತಾನ್‌ಬುಲ್‌ಗೆ. ನಾನು, ಹೆಂಡತಿ, ಆರು ವರ್ಷದ ಮಗಳು, ಅಮ್ಮ. ಅಮ್ಮನಿಗೆ 68, ಮಂಡಿ ನೋವು. ದೊಡ್ಡ ಸೂಟ್‌ಕೇಸ್ ಮೂರು, ಚಿಕ್ಕವು ಎರಡು. ಅಮ್ಮನ ತಿಂಡಿ ಚೀಲವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಡುಬ್ರೊವ್ನಿಕ್‌ಗೆ ರೈಲೇ ಇಲ್ಲ ಅಂತ ಟಿಕೆಟ್ ಹುಡುಕಲು ಕೂತಾಗ ಗೊತ್ತಾಯಿತು. ಬಸ್ಸು ಇದೆ. ಆದರೆ ಆರೇಳು ಗಂಟೆ ಅಮ್ಮನನ್ನು ಬಸ್ಸಿನಲ್ಲಿ ಕೂರಿಸಲು ಧೈರ್ಯ ಬರುತ್ತಿಲ್ಲ. ಹಾಗಾಗಿ ಕಾರು ನೋಡುತ್ತಿದ್ದೇನೆ. ಎರಡು ಕಡೆಯಿಂದ ರೇಟು ಬಂದಿದೆ. ಒಬ್ಬರದು 190 ಯೂರೋ. ನೇರ ಪ್ರಯಾಣ, ಮಧ್ಯೆ ಒಂದು ಕಾಫಿ. ಇನ್ನೊಬ್ಬರದು 290. ದಾರಿಯಲ್ಲಿ ಸಿಗುವ ಊರು ಮೊಸ್ತಾರ್‌ನಲ್ಲಿ ಎರಡೂವರೆ ಗಂಟೆ, ಬೇರೆ ಒಂದು ಜಾಗದಲ್ಲಿ ಒಂದು ಗಂಟೆ ನಿಲ್ಲಿಸುತ್ತಾರಂತೆ.

ನೂರು ಯೂರೋ ಜಾಸ್ತಿ ಕೊಡುವುದಕ್ಕೆ ಅರ್ಥ ಇದೆಯಾ? ಇನ್ನೊಂದು ವಿಷಯ. ಡುಬ್ರೊವ್ನಿಕ್ ಇರುವುದು ಕ್ರೊಯೇಷಿಯಾದಲ್ಲಿ, ಅದಕ್ಕೆ ನಮ್ಮ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಒಂದೇ ಎಂಟ್ರಿಯದು. ಸರಾಯೆವೊ ಇರುವ ಬೋಸ್ನಿಯಾಗೆ ವೀಸಾ ಬೇರೆ ಮಾಡಿಸಿದ್ದೇವೆ, ಅದೂ ಒಂದೇ ಎಂಟ್ರಿ. ಬೋಸ್ನಿಯಾಗೆ ಒಂದು ಸಲ, ಕ್ರೊಯೇಷಿಯಾಗೆ ಒಂದು ಸಲ. ಸಾಕಲ್ವಾ?

ಕಿಟಕಿ ಸೀಟು:

ಸಾಕು. ಆದರೆ ಡ್ರೈವರ್ ನೆಯುಮ್ ದಾರಿ ಹಿಡಿದರೆ ಸಾಲದು. ನೂರು ಯೂರೋ ವಿಷಯ ಆಮೇಲೆ. ಮೊದಲು ಇದನ್ನು ಓದಿ.

ಮ್ಯಾಪ್‌ನಲ್ಲಿ ಕ್ರೊಯೇಷಿಯಾದ ಕರಾವಳಿ ನೋಡಿ. ಡುಬ್ರೊವ್ನಿಕ್‌ಗಿಂತ ಸ್ವಲ್ಪ ಮೇಲೆ ಆ ಕರಾವಳಿ ತುಂಡಾಗಿದೆ. ನಡುವೆ ಬೋಸ್ನಿಯಾ ಒಂದು ಬೆರಳು ತೂರಿಸಿ ಸಮುದ್ರ ಮುಟ್ಟುತ್ತದೆ. ಆ ಬೆರಳ ತುದಿಯೇ ನೆಯುಮ್. ಇದು 1699ರ ಒಪ್ಪಂದದ ಕಥೆ. ಆಗ ಡುಬ್ರೊವ್ನಿಕ್ ತಾನೇ ಒಂದು ಗಣರಾಜ್ಯ. ವೆನಿಸ್‌ನವರು ತಮ್ಮ ಪಕ್ಕಕ್ಕೇ ಬಂದು ಕೂರಬಾರದು ಅಂತ ಈ ತುಂಡು ನೆಲವನ್ನು ಆಟೊಮನ್ನರಿಗೆ ಬಿಟ್ಟುಕೊಟ್ಟರು. ವೆನಿಸ್ ಹೋಯಿತು, ಆಟೊಮನ್ನರೂ ಹೋದರು. ಗಡಿ ಮಾತ್ರ ಅಲ್ಲೇ ಉಳಿಯಿತು.

ಈಗ ನಿಮ್ಮ ದಾರಿ. ಮೊಸ್ತಾರ್‌ನಿಂದ ಕೆಳಗಿಳಿದು ಗಡಿಯ ಊರು ಮೆಟ್ಕೊವಿಚ್‌ನಲ್ಲಿ ಕ್ರೊಯೇಷಿಯಾ ಸೇರುತ್ತೀರಿ. ಅಲ್ಲಿಗೆ ನಿಮ್ಮ ಒಂದು ಎಂಟ್ರಿ ಮುಗಿಯಿತು. ಅಲ್ಲಿಂದ ಹಳೆಯ ಕರಾವಳಿ ರಸ್ತೆ ಹಿಡಿದರೆ ನೆಯುಮ್‌ಗಾಗಿ ಮತ್ತೆ ಬೋಸ್ನಿಯಾ, ಹತ್ತು ಕಿಲೋಮೀಟರ್ ಒಳಗೇ ಮತ್ತೆ ಕ್ರೊಯೇಷಿಯಾ. ಅಂದರೆ ನಿಮ್ಮ ಎರಡೂ ವೀಸಾಗಳಲ್ಲಿ ಇಲ್ಲದ ಎಂಟ್ರಿ ಬೇಕಾಗುತ್ತದೆ. ಇದನ್ನು ತಪ್ಪಿಸಲಿಕ್ಕೇ ಪೆಲ್ಯೆಶಾತ್ಸ್ ಸೇತುವೆ ಇರುವುದು. 2022ರ ಜುಲೈನಲ್ಲಿ ಶುರುವಾಯಿತು. 2.4 ಕಿಲೋಮೀಟರ್ ಉದ್ದ, ಟೋಲ್ ಇಲ್ಲ. ಅದರ ಮೇಲೆ ಹೋದರೆ ಕ್ರೊಯೇಷಿಯಾ ಬಿಟ್ಟು ಹೊರಗೆ ಬರುವ ಪ್ರಶ್ನೆಯೇ ಇಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಅತ್ತೆ ಮಾವನನ್ನು ಕರೆದುಕೊಂಡು ಇದೇ ದಾರಿಯಲ್ಲಿ ಹೋಗಿದ್ದೆವು. ಅವರದೂ ನಿಮ್ಮ ಥರದ್ದೇ ವೀಸಾ. ಯಾವ ಕಂಪನಿ ಅಂತ ಹೇಳುವುದಿಲ್ಲ, ಅತಿ ಕಡಿಮೆ ರೇಟು ಕೊಟ್ಟವರು. ಡ್ರೈವರ್ ಒಳ್ಳೆಯ ಮನುಷ್ಯ. ದಾರಿಯುದ್ದಕ್ಕೂ ಮಾವನಿಗೆ ಅಂಜೂರ ಕೊಡುತ್ತಾ ಬಂದ. ಮೆಟ್ಕೊವಿಚ್ ದಾಟಿ ಸ್ವಲ್ಪ ಹೊತ್ತಿಗೆ ನಾನು ಬೋರ್ಡ್ ನೋಡುತ್ತೇನೆ, ಸೇತುವೆಯ ತಿರುವು ಬಂತು. ಇವನು ಇಂಡಿಕೇಟರ್ ಹಾಕುತ್ತಿಲ್ಲ. ಕೇಳಿದೆ. "ನೆಯುಮ್‌ನಲ್ಲಿ ಕಾಫಿ ಕುಡಿದು ಹೋಗೋಣ, ನಾನು ಯಾವಾಗಲೂ ಅಲ್ಲೇ ನಿಲ್ಲಿಸುವುದು" ಅಂದ. ನಾನು ಕಿರುಚಿದೆ ಅಂತ ನನ್ನ ಗಂಡ ಈಗಲೂ ಹೇಳುತ್ತಾರೆ. ಜೋರಾಗಿ ಹೇಳಿದೆ ಅಷ್ಟೇ. ಪಾಪ, ಅವನ ತಪ್ಪೂ ಅಲ್ಲ. ಅವನ ಪಾಸ್‌ಪೋರ್ಟ್‌ಗೆ ಆ ಗಡಿ ಲೆಕ್ಕವೇ ಅಲ್ಲ. ನಮ್ಮ ಪಾಸ್‌ಪೋರ್ಟ್ ಕಷ್ಟ ಅವನಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಇಬ್ಬರಿಗೂ ಒಂದೇ ಸಾಲಿನ ಮೇಲ್ ಕಳಿಸಿ. "ಯಾವ ಗಡಿ, ಆಮೇಲೆ ಯಾವ ದಾರಿ?" ಉತ್ತರದಲ್ಲಿ ಊರ ಹೆಸರು ಇರಬೇಕು. "ಚಿಂತೆ ಬೇಡ" ಅನ್ನುವುದು ಉತ್ತರ ಅಲ್ಲ.

ಇನ್ನು ನೂರು ಯೂರೋ. ಎರಡು ಊರಿನ ನಡುವೆ ಇರುವ ದಾರಿಯೇ ಆ ಕಡೆಯ ಅರ್ಧ ಪ್ರವಾಸ. ಸರಾಯೆವೊದಿಂದ ಮೊಸ್ತಾರ್ ಸುಮಾರು 130 ಕಿಲೋಮೀಟರ್. ಇವಾನ್ ಗುಡ್ಡದ ಸಾಲು ದಾಟಿದ ಮೇಲೆ ನೀರು ಏಡ್ರಿಯಾಟಿಕ್ ಸಮುದ್ರದ ಕಡೆಗೆ ಹರಿಯುತ್ತದೆ. ದೇಶ ಅದೇ, ಆದರೆ ಬೋಸ್ನಿಯಾ ಭಾಗ ಮುಗಿದು ಹೆರ್ಸೆಗೊವಿನಾ ಭಾಗ ಶುರು. ಕೋನ್ಯಿತ್ಸ್‌ನಿಂದ ಮುಂದೆ ನೆರೆತ್ವಾ ನದಿ ನಿಮ್ಮ ಪಕ್ಕದಲ್ಲೇ ಬರುತ್ತದೆ. ಬಣ್ಣ ಹೇಳುವುದು ಕಷ್ಟ, ಹಸಿರು ಗಾಜಿನ ಬಳೆ ಒಡೆದು ಹರಡಿದ ಹಾಗೆ. ಯಾಬ್ಲಾನಿತ್ಸಾ ಹತ್ತಿರ ರಸ್ತೆ ಬದಿಯ ಹೋಟೆಲ್‌ಗಳಲ್ಲಿ ಇಡೀ ಕುರಿಮರಿ ಕೆಂಡದ ಮೇಲೆ ತಿರುಗುತ್ತಿರುತ್ತದೆ. ತಿನ್ನುವವರಿಗೆ ಹಬ್ಬ. ನಮ್ಮ ಅತ್ತೆ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಮಾಂಸ ತಿನ್ನದವರಾದರೆ ಒಂದು ಮಾತು. ತೆಳು ಹಿಟ್ಟಿನ ಪದರದಲ್ಲಿ ಹೂರಣ ಸುತ್ತಿ ಬೇಯಿಸಿದ ತಿಂಡಿ ಎಲ್ಲ ಕಡೆ ಸಿಗುತ್ತದೆ, ಆದರೆ ಬೋಸ್ನಿಯಾದಲ್ಲಿ ಬುರೆಕ್ ಅಂದರೆ ಅದರಲ್ಲಿ ಮಾಂಸದ್ದು ಮಾತ್ರ. ಚೀಸ್ ಇರುವುದಕ್ಕೆ ಸಿರ್ನಿತ್ಸಾ, ಪಾಲಕ್ ಇರುವುದಕ್ಕೆ ಜೆಲ್ಯಾನಿತ್ಸಾ, ಆಲೂಗಡ್ಡೆಯದಕ್ಕೆ ಕ್ರೊಂಪಿರುಶಾ ಅಂತ ಕೇಳಬೇಕು. "ಚೀಸ್ ಬುರೆಕ್" ಅಂತ ಕೇಳಿದರೆ ಕೊಡುತ್ತಾರೆ. ಆದರೆ ಮುಖದಲ್ಲಿ ಸಣ್ಣ ನಗು ಇರುತ್ತದೆ.

ಅಮ್ಮನ ಮಂಡಿ ಬಗ್ಗೆ. ಮೊಸ್ತಾರ್ ಹಳೆ ಸೇತುವೆ ಗೂನು ಬೆನ್ನಿನದು. ಕಲ್ಲು ಸವೆದು ನುಣ್ಣಗಾಗಿದೆ. ಕಾಲಿಗೆ ಹಿಡಿತ ಸಿಗಲಿ ಅಂತ ಅಡ್ಡ ಪಟ್ಟಿಗಳಿವೆ, ಆದರೂ ಜಾರುತ್ತದೆ. 1566ರ ಸೇತುವೆ, 1993ರ ನವೆಂಬರ್‌ನಲ್ಲಿ ಯುದ್ಧದಲ್ಲಿ ಬಿತ್ತು, ಮತ್ತೆ ಕಟ್ಟಿ 2004ರಲ್ಲಿ ತೆರೆದರು. ಅಮ್ಮನನ್ನು ಮೇಲೆ ಹತ್ತಿಸಲು ಹೋಗಬೇಡಿ. ಕೆಳಗೆ ನದಿ ದಡದಿಂದ ಇನ್ನೂ ಚೆನ್ನಾಗಿ ಕಾಣುತ್ತದೆ. ದುಡ್ಡು ಕೂಡಿದ ಮೇಲೆ ಹುಡುಗರು ಮೇಲಿನಿಂದ ಹಾರುತ್ತಾರೆ, ಮಗಳಿಗೆ ಇಷ್ಟವಾಗುತ್ತದೆ.

ಇನ್ನೊಂದು ಜಾಗ ಯಾವುದು ಅಂತ ಕೇಳಿ. ಪೊಚಿತೆಲ್ ಅಂದರೆ ಬೇಡ ಅನ್ನಿ, ಅದು ಪೂರ್ತಿ ಮೆಟ್ಟಿಲು. ಬ್ಲಾಗಾಯ್ ಕೇಳಿ. ಮೊಸ್ತಾರ್‌ನಿಂದ ಹತ್ತಿರ. ದೊಡ್ಡ ಬಂಡೆಯ ಬುಡದ ಗುಹೆಯಿಂದ ಬುನಾ ನದಿ ಒಮ್ಮೆಲೇ ಹೊರಗೆ ಬರುತ್ತದೆ, ಪಕ್ಕದಲ್ಲೇ ಹಳೆಯ ಸೂಫಿ ಮಠ. ನೀರ ಪಕ್ಕ ಕುರ್ಚಿ ಹಾಕಿರುತ್ತಾರೆ. ಅಮ್ಮನಿಗೆ ಅದೇ ಸರಿ.

ಕಾರು ಸೆಡಾನ್ ಆದರೆ ನಿಮ್ಮ ಐದು ಪೆಟ್ಟಿಗೆಗೆ ಸಾಲದು. ನಾಲ್ಕು ಜನ ಅಂದರೆ ಒಂದು ಸ್ಕೋಡಾ ಒಕ್ಟಾವಿಯಾ ಕಳಿಸಿಬಿಡುತ್ತಾರೆ. ಪೆಟ್ಟಿಗೆಗಳ ಫೋಟೊ ಕಳಿಸಿ ವ್ಯಾನ್ ಕೇಳಿ. ಮಗಳಿಗೆ ಸೀಟು ಕೂಡ ಈಗಲೇ ಬರೆಸಿ. ಕಾರು ಬಂದ ಮೇಲೆ ಕೇಳಿದರೆ ಸಿಗುವುದಿಲ್ಲ.

ರೈಲುಹುಚ್ಚ:

ಹೆಸರೇ ಹೇಳುತ್ತದೆ, ಬೈಯಬೇಡಿ. ಸರಾಯೆವೊದಿಂದ ಮೊಸ್ತಾರ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಕಾರು ಹಿಡಿಯಿರಿ. ಎರಡು ಗಂಟೆ ಪ್ರಯಾಣ. 1966ರಲ್ಲಿ ಹಾಕಿದ ದಾರಿ. ಸುರಂಗದ ಮೇಲೆ ಸುರಂಗ. ಬೆಟ್ಟದಿಂದ ಕೋನ್ಯಿತ್ಸ್‌ಗೆ ಸುತ್ತಿ ಸುತ್ತಿ ಇಳಿಯುತ್ತದೆ. ದಿನಕ್ಕೆ ಒಂದೆರಡೇ ಗಾಡಿ, ಸಮಯ ನೋಡಿಕೊಳ್ಳಿ.

ಡುಬ್ರೊವ್ನಿಕ್‌ಗೆ ಮೊದಲು ರೈಲು ಇತ್ತು ಗೊತ್ತಾ? ನ್ಯಾರೋ ಗೇಜ್, 760 ಮಿಲಿಮೀಟರ್. 1976ರಲ್ಲಿ ನಿಲ್ಲಿಸಿದರು. ಈಗ ಆ ದಾರಿಯಲ್ಲಿ ಸೈಕಲ್ ಓಡಿಸುತ್ತಾರೆ. ಆ ಕಾಲದ ರೈಲನ್ನು ಜನ ಚಿರೊ ಅಂತ ಕರೆಯುತ್ತಿದ್ದರು, ಸೈಕಲ್ ದಾರಿಗೂ ಅದೇ ಹೆಸರು.

ಕಿಟಕಿ ಸೀಟು:

ಐದು ಪೆಟ್ಟಿಗೆ, ಒಂದು ಮಂಡಿ, ಒಂದು ಮಗು. ರೈಲು ಹತ್ತಿಸಿ ಇಳಿಸುವುದು ನೀವು ಬಂದು ಮಾಡುತ್ತೀರಾ ಸರ್?

ರೈಲುಹುಚ್ಚ:

ಟಿಕೆಟ್ ಕೊಡಿಸಿದರೆ ಬರುತ್ತೇನೆ.

ನಿಧಾನಸ್ಥ:

ಬಾಡಿಗೆ ಕಾರು ತಗೊಂಡು ನಾನೇ ಓಡಿಸುತ್ತೇನೆ ಅನ್ನುವ ಯೋಚನೆ ಬಂದರೆ ಬಿಟ್ಟುಬಿಡಿ. ಒಂದು ದೇಶದಲ್ಲಿ ತಗೊಂಡು ಇನ್ನೊಂದು ದೇಶದಲ್ಲಿ ಬಿಡುವುದಕ್ಕೆ ನನಗೆ ಹೇಳಿದ ಶುಲ್ಕದಲ್ಲಿ ನಿಮ್ಮ 290ರ ಕಾರು ಬಂದು ಮಿಕ್ಕುತ್ತಿತ್ತು. 

ಗಡಿಯಲ್ಲಿ ಈಗ ಮೊದಲಿನ ಹಾಗಿಲ್ಲ. ಕ್ರೊಯೇಷಿಯಾ 2023ರ ಜನವರಿ 1ಕ್ಕೆ ಶೆಂಗೆನ್ ಸೇರಿತು, ಅದೇ ದಿನ ಯೂರೋನೂ ಬಂತು. ಹಾಗಾಗಿ ಅದು ಇಡೀ ಶೆಂಗೆನ್‌ನ ಹೊರಬಾಗಿಲು. 2025ರ ಅಕ್ಟೋಬರ್‌ನಿಂದ ಮುಖದ ಫೋಟೊ, ಬೆರಳು ನೋಡುವ ಹೊಸ ವ್ಯವಸ್ಥೆಯೂ ಶುರುವಾಗಿದೆ. 12 ವರ್ಷದೊಳಗಿನ ಮಕ್ಕಳಿಗೆ ಬೆರಳು ಬೇಡ. ಇಳಿಯಿರಿ ಅಂದರೆ ಇಳಿಯಿರಿ, ಅಮ್ಮನಿಗೆ ಮೊದಲೇ ಹೇಳಿಟ್ಟಿರಿ. ಗಡಿಯಲ್ಲಿ ಕಾದ ಹೊತ್ತಿಗೆ ಜಾಸ್ತಿ ದುಡ್ಡು ಕೇಳುವುದಿಲ್ಲ ಅಂತ ಬರಹದಲ್ಲಿ ತಗೊಳ್ಳಿ. ಸಾಧ್ಯವಾದರೆ ಶನಿವಾರ ಬೇಡ, ಕರಾವಳಿಯಲ್ಲಿ ರೂಮು ಬದಲಾಯಿಸುವವರೆಲ್ಲ ಅವತ್ತೇ ರಸ್ತೆಗೆ ಬರುತ್ತಾರೆ.

ಬೋಸ್ನಿಯಾದ ಹಣ ಮಾರ್ಕ್, ಅದು ಆ ದೇಶದ ಹೊರಗೆ ನಡೆಯುವುದಿಲ್ಲ. ಒಂದು ಯೂರೋಗೆ 1.95 ಚಿಲ್ಲರೆ, ರೇಟು ಬದಲಾಗುವುದೇ ಇಲ್ಲ. ಬೇಕಾದಷ್ಟೇ ತಗೊಳ್ಳಿ. ಆಮೇಲೆ ಫೋನು. ಯುರೋಪ್ ಇಸಿಮ್ ಅಂತ ಮಾರುವ ಪ್ಯಾಕ್‌ಗಳಲ್ಲಿ ಎಷ್ಟೋ ಸಲ ಬೋಸ್ನಿಯಾ ಇರುವುದಿಲ್ಲ. ದೇಶಗಳ ಪಟ್ಟಿ ತೆರೆದು ನೋಡಿ.

ಮೂಟೆಗಾರ:

ಕಿಟಕಿ ಸೀಟು ಮೇಡಂ, ನಿಮಗೆ ದೊಡ್ಡ ನಮಸ್ಕಾರ. ನೀವು ಹೇಳಿದ ಹಾಗೇ ಒಂದು ಸಾಲಿನ ಮೇಲ್ ಕಳಿಸಿದೆ. 190ರವರು: "ನಮ್ಮ ಡ್ರೈವರ್‌ಗೆ ಎಲ್ಲ ದಾರಿ ಗೊತ್ತು, ಚಿಂತೆ ಬೇಡ." ಅದೇ ಪದ! 290ರವರು: "ಮೆಟ್ಕೊವಿಚ್, ಆಮೇಲೆ ಸೇತುವೆ. ಒಂದೇ ಗಡಿ." ಎರಡನೆಯವರಿಗೆ ಬುಕ್ ಮಾಡಿದೆ. ವ್ಯಾನ್ ಅಂತ 30 ಜಾಸ್ತಿ ಆಯಿತು.

ಒಂದು ಅನುಮಾನ. ತ್ರೆಬಿನ್ಯೆ ಮೇಲೆ ಹೋಗುವ ದಾರಿಯೂ ಇದೆ ಅಂತ ಅವರು ಬರೆದಿದ್ದಾರೆ. ಅದು ಹೇಗೆ?

ಕಿಟಕಿ ಸೀಟು:

ಅದೂ ಒಂದೇ ಗಡಿ, ವೀಸಾಗೆ ತೊಂದರೆ ಇಲ್ಲ. ಸ್ತೋಲಾತ್ಸ್, ತ್ರೆಬಿನ್ಯೆ ಮೇಲೆ ಹೋಗಿ ಡುಬ್ರೊವ್ನಿಕ್‌ನ ನೆತ್ತಿಯ ಮೇಲೇ ಇಳಿಯುತ್ತೀರಿ. ಮೆಟ್ಕೊವಿಚ್‌ನಲ್ಲಿ ಸಾಲು ಉದ್ದ ಇದ್ದರೆ ಡ್ರೈವರ್‌ಗಳು ಆ ಕಡೆ ತಿರುಗುತ್ತಾರೆ. ತಿರುಗಲಿ ಬಿಡಿ.

ಉಳಿಯುವ ಮನೆ ಡುಬ್ರೊವ್ನಿಕ್ ಕೋಟೆಯ ಒಳಗಾ? ಒಳಗೆ ಕಾರು ಬರುವುದಿಲ್ಲ. ಬಾಗಿಲಲ್ಲಿ ಇಳಿಸುತ್ತಾರೆ, ಅಲ್ಲಿಂದ ಪೆಟ್ಟಿಗೆ ನಿಮ್ಮ ತಲೆ ಮೇಲೆ. ಮೆಟ್ಟಿಲು ಎಷ್ಟಿವೆ ಅಂತ ಮನೆಯವರನ್ನು ಕೇಳಿ.

ಮೂಟೆಗಾರ:

ಇಲ್ಲ, ಲಪಾದ್ ಕಡೆ. ಲಿಫ್ಟ್ ಇದೆ. ಅದೊಂದು ಮಾತ್ರ ಅಮ್ಮನೇ ಕೇಳಿ ಬುಕ್ ಮಾಡಿಸಿದ್ದು.

ಮೂಟೆಗಾರ (ಅಕ್ಟೋಬರ್‌ನಲ್ಲಿ):

ಹೋಗಿ ಬಂದೆವು. ಬರೆಯುತ್ತೇನೆ ಅಂದಿದ್ದೆ, ಬರೆಯುತ್ತಿದ್ದೇನೆ.

ಬೆಳಿಗ್ಗೆ ಏಳೂವರೆಗೆ ಹೊರಟೆವು. ನಮ್ಮ ಮನೆ ಸರಾಯೆವೊದ ಹಳೆ ಪೇಟೆ ಬಾಶ್ಚಾರ್ಶಿಯಾದ ಹಿಂದಿನ ಏರಿನಲ್ಲಿತ್ತು. ವ್ಯಾನ್ ಅಲ್ಲಿಗೆ ಬರಲಿಲ್ಲ. ಡ್ರೈವರ್ ನಡೆದುಕೊಂಡು ಬಂದು ಎರಡು ಪೆಟ್ಟಿಗೆ ಎತ್ತಿಕೊಂಡು ಹೋದರು. ಮಗಳಿಗೆ ಸೀಟು ಇತ್ತು. ಕೋನ್ಯಿತ್ಸ್‌ನಲ್ಲಿ ಕಾಫಿ. ತಾಮ್ರದ ಪುಟ್ಟ ಪಾತ್ರೆಯಲ್ಲಿ ತಂದರು. ಅಮ್ಮ ತಳದ ಗಷ್ಟನ್ನೂ ಕುಡಿದು, "ಸೋಸೋದು ಮರೆತಿದಾರೆ" ಅಂದರು.

ಮೊಸ್ತಾರ್‌ನಲ್ಲಿ ವಿಪರೀತ ಜನ. ಒಂದೂವರೆ ಗಂಟೆಗೇ ಸಾಕು ಅನಿಸಿತು. ಉಳಿದ ಹೊತ್ತನ್ನು ಬ್ಲಾಗಾಯ್‌ಗೆ ಕೊಡಿ ಅಂತ ಡ್ರೈವರ್‌ಗೆ ಕೇಳಿದೆವು, ತಕರಾರಿಲ್ಲದೆ ಒಪ್ಪಿದರು. ಅಮ್ಮ ಆ ನೀರಿಗೆ ಕಾಲು ಬಿಟ್ಟು ಕೂತವರು ಏಳಲೇ ಇಲ್ಲ. ಐಸ್ ಥರ ನೀರು. ಮಂಡಿಗೆ ಒಳ್ಳೆಯದು ಅಂತ ಅವರ ವಾದ. ಇಡೀ ಪ್ರವಾಸದಲ್ಲಿ ಅವರು ಮತ್ತೆ ಮತ್ತೆ ಹೇಳುವುದು ಡುಬ್ರೊವ್ನಿಕ್ ಅಲ್ಲ, ಆ ನೀರ ಪಕ್ಕ ಕೂತ ಹೊತ್ತನ್ನೇ.

ಗಡಿಯಲ್ಲಿ 50 ನಿಮಿಷ. ಬೋಸ್ನಿಯಾದವರು ಬೇಗ ಬಿಟ್ಟರು, ಕ್ರೊಯೇಷಿಯಾ ಕಡೆ ಎಲ್ಲರನ್ನೂ ಇಳಿಸಿ ಫೋಟೊ ತೆಗೆದರು. ಅಮ್ಮ ಕನ್ನಡಕ ತೆಗೆದು ಕೂದಲು ಸರಿ ಮಾಡಿಕೊಂಡು ನಿಂತರು. ಸಾಲಿನಲ್ಲಿ ಹಿಂದೆ ಇದ್ದವರೂ ನಕ್ಕರು. ಆಮೇಲೆ ಸೇತುವೆಯ ತಿರುವು. ನಾನು ಉಸಿರು ಬಿಗಿಹಿಡಿದು ಇಂಡಿಕೇಟರ್ ನೋಡುತ್ತಿದ್ದೆ. ಬಿತ್ತು, ಬಲಕ್ಕೆ. ಸಂಜೆ ಐದಕ್ಕೆ ಲಪಾದ್.

ಒಟ್ಟು 320 ಯೂರೋ, ಮೇಲೆ 20 ಡ್ರೈವರ್‌ಗೆ. ನಾಲ್ಕು ಜನಕ್ಕೆ ಅಂತ ನೋಡಿದರೆ ನನಗೆ ಹೊರೆ ಅನಿಸಲಿಲ್ಲ. ಒಬ್ಬನೇ ಆಗಿದ್ದರೆ ಖಂಡಿತ ಬಸ್ಸು ಹತ್ತುತ್ತಿದ್ದೆ.

ನಿಧಾನಸ್ಥ ಅವರ ಮಾತು ಮಾತ್ರ ಕೇಳಲಿಲ್ಲ. ನನ್ನ ಹತ್ತಿರ 37 ಮಾರ್ಕ್ ಉಳಿದಿದೆ. ಯಾರಾದರೂ ಸರಾಯೆವೊಗೆ ಹೊರಟಿದ್ದೀರಾ?

ರೈಲುಹುಚ್ಚ:

ನಾನು. ಮೊಸ್ತಾರ್ ಟಿಕೆಟ್‌ಗೆ ಆಗುತ್ತದೆ, ಎತ್ತಿಡಿ.