ಹನ್ನೊಂದು ವರ್ಷದ ಮಗಳಿಗೆ ವಾರಕ್ಕೊಂದು ಸಲ ತಲೆನೋವು

ಪ್ರಶ್ನೆ: ತೂಕ 30 ಕೆಜಿ. ಸ್ಕೂಲಿಂದ ಬಂದಮೇಲೆ ಹಣೆ ಪೂರ್ತಿ ನೋವು, ವಾಕರಿಕೆ. ಲೈಟ್ ಆರಿಸಿ ಮಲಗಿದರೆ ಮೂರು ಗಂಟೆಗೆ ಇಳಿಯುತ್ತೆ. ಕಣ್ಣು ಸರಿಯಿದೆ. ಮೈಗ್ರೇನ್ ಅಂದರೆ ಒಂದೇ ಕಡೆ ಅಲ್ವಾ? ಪ್ಯಾರಸಿಟಮಾಲ್ ಎಷ್ಟು ಕೊಡಬಹುದು?

ಉತ್ತರ 1: ‘ಅರೆತಲೆನೋವು’ ಅನ್ನೋ ಹೆಸರೇ ದಾರಿ ತಪ್ಪಿಸುತ್ತೆ. ಮಕ್ಕಳಲ್ಲಿ ಮೈಗ್ರೇನ್ ಹೆಚ್ಚಾಗಿ ಎರಡೂ ಕಡೆ. ಡೋಸ್ ಕೆಜಿಗೆ 15 ಮಿ.ಗ್ರಾಂ, ಅಂದರೆ 450. 5 ಮಿ.ಲೀ.ಗೆ 250 ಇರೋ ಸಿರಪ್ ಆದರೆ 9 ಮಿ.ಲೀ. ಬಾಟಲಿ ಮೇಲೆ 125 ಇದೆಯೋ 250 ಇದೆಯೋ ಓದಿ, ಎಡವಟ್ಟಾಗೋದು ಅಲ್ಲೇ. ನೋವು ಶುರುವಾದ ಕೂಡಲೇ ಕೊಡಿ. ‘ನೋಡೋಣ’ ಅಂತ ಕಾದರೆ ಹೊಟ್ಟೆಯ ಚಲನೆ ನಿಧಾನವಾಗಿ ಔಷಧಿ ಹತ್ತಲ್ಲ. ಮತ್ತೆ ಬೇಕಾದರೆ ಆರು ಗಂಟೆ ಬಿಟ್ಟು.

ಉತ್ತರ 2: ಪ್ಯಾರಸಿಟಮಾಲ್ ಕೊಡೋದು ವಾರಕ್ಕೆ ಎರಡು ದಿನ ದಾಟಬಾರದು. ತಿಂಗಳಿಗೆ 15 ದಿನದಂತೆ ಮೂರು ತಿಂಗಳು ಕೊಟ್ಟರೆ ಔಷಧಿಯೇ ತಲೆನೋವು ತರುತ್ತೆ. ಆಸ್ಪಿರಿನ್ ಬೇಡವೇ ಬೇಡ. ಡೆಂಗಿ ಸಂಶಯವಿದ್ದರೆ ಐಬುಪ್ರೊಫೆನ್ನೂ ಬೇಡ. ಸಂಜೆ ನೀರಿನ ಬಾಟಲಿ ಎತ್ತಿ ನೋಡಿ: ಸ್ಕೂಲ್ ಟಾಯ್ಲೆಟ್‌ಗೆ ಹೆದರಿ ನೀರೇ ಕುಡಿಯದ ಮಕ್ಕಳಿದ್ದಾರೆ.

ಉತ್ತರ 3: ನಿದ್ದೆಯಿಂದ ಎಬ್ಬಿಸೋ ನೋವು, ಬೆಳಗಿನ ವಾಂತಿ, ಕೆಮ್ಮಿದರೆ ಹೆಚ್ಚಾಗೋದು, ಎರಡೆರಡು ಕಾಣೋದು, ನಡಿಗೆ ತೂರಾಡೋದು: ಒಂದಿದ್ದರೂ ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.