ಬೆಟಗೇರಿ ಮನೆಯ ಮಾಡದಲ್ಲಿ ಗೋದಲಿ

ಮಗಳೇ, ಮನೆಯವರ ಗ್ರೂಪ್‌ನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡಿದೆ. ರೊಟ್ಟಿ ಬಡಿಯುತ್ತಿದ್ದೆ, ಕೈಯೆಲ್ಲ ಹಿಟ್ಟು. ಅದಕ್ಕೇ ಈಗ ಕೂತು ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಬೆಟಗೇರಿಯ ಬಾಡಿಗೆ ಮನೆ ಚಿಕ್ಕದು, ಟ್ರೀ ಇಡಲು ಜಾಗ ಇಲ್ಲ, ಆನ್‌ಲೈನ್‌ನಲ್ಲಿ ಅಲಂಕಾರದ ಸೆಟ್ 2,500 ರೂಪಾಯಿಗೆ ಇದೆ, ತಗೊಳ್ಳಲಾ ಅಂತ ಕೇಳಿದ್ದೀಯ. ನಿಮ್ಮ ಮಾಮಾ, ಟ್ರೀ ಇಲ್ಲದೆ ಅದೆಂಥ ಕ್ರಿಸ್‌ಮಸ್, ಸಣ್ಣದಾದರೂ ತಗೋ ಅಂದಿದ್ದಾನೆ. ತಮ್ಮಾ, ನೀನೂ ಕೇಳು. ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ನಾವು ಬೆಳೆಯುವಾಗ ನಮ್ಮನೆಯಲ್ಲಿ ಟ್ರೀ ಎಲ್ಲಿತ್ತು? ಅವ್ವ ಮಾಡುತ್ತಿದ್ದ ಗೋದಲಿ ಇತ್ತು, ಕೂಸು ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ. ಸಾಲುಮನೆಯ ಮಕ್ಕಳೆಲ್ಲ ಅದನ್ನು ನೋಡಲು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅದು ನಿನಗೆ ಮರೆತಿರಲಿಕ್ಕಿಲ್ಲ.

ಸೆಟ್ ಬೇಡ ಮಗಳೇ. ನೀನು ಕಳಿಸಿದ ಫೋಟೋದಲ್ಲಿ ಟಿವಿ ಪಕ್ಕ, ಗೋಡೆಯಲ್ಲೇ ಒಂದು ಮಾಡ ಇದೆಯಲ್ಲ, ಈಗ ಚಾರ್ಜರ್, ಬಿಲ್ಲು, ಔಷಧಿ ಚೀಟಿ ತುಂಬಿಟ್ಟಿದ್ದೀಯಲ್ಲ, ಅದನ್ನು ಖಾಲಿ ಮಾಡು. ಹಳೇ ಮನೆಯ ಮಾಡ ಸಿಗಲು ಪುಣ್ಯ ಬೇಕು. ಮೂರು ಕಡೆ ಗೋಡೆ, ಮೇಲೆ ಮುಚ್ಚಿಗೆ. ಗೋದಲಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಗೋದಲಿ ಇಡುವ ಪದ್ಧತಿ ಶುರುವಾಗಿದ್ದು ಅಸ್ಸಿಸಿಯ ಸಂತ ಫ್ರಾನ್ಸಿಸರಿಂದ ಅಂತ ಹೇಳುತ್ತಾರೆ. 1223ರ ಕ್ರಿಸ್‌ಮಸ್ ರಾತ್ರಿ, ಇಟಲಿಯ ಗ್ರೇಚೊ ಅನ್ನುವ ಊರಲ್ಲಿ. ಆವತ್ತು ಅವರು ಸಿದ್ಧ ಮಾಡಿಸಿದ್ದು ಏನೇನು ಗೊತ್ತಾ? ದನ ಮೇಯುವ ಒಂದು ಗೋದಲಿ, ಹುಲ್ಲು, ಜೀವಂತ ಎತ್ತು, ಒಂದು ಕತ್ತೆ. ಅಷ್ಟರಿಂದಲೇ ಊರಿನವರಿಗೆಲ್ಲ ಬೆತ್ಲೆಹೇಮ್ ಕಣ್ಣಮುಂದೆ ಬಂತು. ಹುಲ್ಲಿಗೂ ಎತ್ತಿಗೂ ನಮ್ಮ ಸೀಮೆಯಲ್ಲಿ ಬರವೇ?

ಮೊದಲು ಹಿಂದಿನ ಗೋಡೆಗೆ ಬಟ್ಟೆ. ನಿನ್ನ ಮದುವೆಯಲ್ಲಿ ಬಂದ ಕಡುನೀಲಿ ಖಣ ಹೊಲಿಸದೆ ಹಾಗೇ ಇದೆ ಅಂತ ನಿಮ್ಮವ್ವ ಹೇಳಿದಳು. ಅದನ್ನು ಹಚ್ಚು. ಅದರಲ್ಲಿ ನೇಯ್ದ ಸಣ್ಣ ಸಣ್ಣ ಬುಟ್ಟಾ ಇರುತ್ತವಲ್ಲ, ಹಿಂದಿನಿಂದ ದೀಪ ಬಿದ್ದರೆ ರಾತ್ರಿ ಆಕಾಶದ ಹಾಗೆ ಕಾಣುತ್ತದೆ. ಸೀರಿಯಲ್ ಲೈಟಿನ ವೈರನ್ನು ಖಣದ ಹಿಂದೆ ಅಡಗಿಸಿ, ಒಂದೇ ಹಳದಿ ಬಣ್ಣದ್ದು ಹಾಕು. ಮಿಣಮಿಣ ಅನ್ನುವ ಬಣ್ಣಬಣ್ಣದ್ದು ಬೇಡ. ನೋಡುವವರ ಕಣ್ಣು ಕೂಸಿನ ಮೇಲೆ ನಿಲ್ಲಬೇಕು, ಅಲ್ವಾ?

ಚಪ್ಪರಕ್ಕೆ ಜೋಳದ ಕಣಿಕೆ, ಅಂದರೆ ಒಣಗಿದ ದಂಟು. ಗೇಣುದ್ದ ಕತ್ತರಿಸಿ, ದಾರದಿಂದ ಕಟ್ಟಿ, ಇಳಿಜಾರಾಗಿ ನಿಲ್ಲಿಸು. ಮೇಣದಬತ್ತಿ ಮಾತ್ರ ಮಾಡದ ಒಳಗೆ ಬೇಡವೇ ಬೇಡ. ಒಮ್ಮೆ ನಾನೇ ಆಸೆಪಟ್ಟು ಇಟ್ಟಿದ್ದೆ. ಒಂದು ಕಣಿಕೆಯ ತುದಿ ಕರ್ರಗಾಗಿ ಹೊಗೆ ಎದ್ದಿತು. ಎದುರಿಗೇ ಕೂತಿದ್ದೆ, ಹಾಗಾಗಿ ಉಳಿಯಿತು. ನಿನ್ನ ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ. ದೀಪ ಬೇಕೆನಿಸಿದರೆ ಹೊರಗೆ ಹೊಸ್ತಿಲ ಬಳಿ ಹಣತೆ ಇಡು.

ಇನ್ನು ಹಸಿರು. ಗೋಧಿಯನ್ನು ಡಿಸೆಂಬರ್ 13ರ ರಾತ್ರಿ ನೆನೆಹಾಕು. 14ಕ್ಕೆ ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರವಿ, ಕಾಳನ್ನು ಒತ್ತೊತ್ತಾಗಿ ಹಾಕಿ, ಮೇಲೆ ತೆಳುವಾಗಿ ಮಣ್ಣು ಉದುರಿಸು. ನಿಮ್ಮ ಓಣಿಯಲ್ಲಿ ದಸರಾಕ್ಕೆ ಘಟ ಇಟ್ಟು ಸಸಿ ಬೆಳೆಸುತ್ತಾರಲ್ಲ, ಹಾಗೇ. ನೀರು ಸುರಿಯಬೇಡ, ಕೈಯಿಂದ ಚಿಮುಕಿಸು ಸಾಕು. ಜಾಸ್ತಿ ಆದರೆ ಕಾಳು ಕೊಳೆತು ವಾಸನೆ ಬರುತ್ತದೆ. ಈ ಚಳಿಗೆ ಮೊಳಕೆ ಸ್ವಲ್ಪ ನಿಧಾನ. ಹಗಲು ಕಿಟಕಿ ಬಿಸಿಲಿಗೆ ಇಟ್ಟರೆ 24ರ ಹೊತ್ತಿಗೆ ಬೆರಳುದ್ದ ಬಂದಿರುತ್ತದೆ. ನೀರು ಚಿಮುಕಿಸುವ ಕೆಲಸ ಮಗನಿಗೇ ಕೊಡು. ದಿನಾ ಎದ್ದ ಕೂಡಲೇ ಓಡಿ ಹೋಗಿ ನೋಡುತ್ತಾನೆ ನೋಡು.

ಎತ್ತಿನ ಮಾತು ಹೇಳಲೇಬೇಕು. ಅವ್ವ ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಹತ್ತಿರ ಒಂದು ಜೋಡಿ ಮಣ್ಣೆತ್ತು ತಂದು, ಕಾಗದದಲ್ಲಿ ಸುತ್ತಿ, ಟ್ರಂಕಿನಲ್ಲಿ ಡಿಸೆಂಬರ್ ತನಕ ಇಡುತ್ತಿದ್ದಳು. ಕೇಳಿದರೆ, ನಮ್ಮ ಕೂಸಿಗೆ ನಮ್ಮ ಊರಿನ ಎತ್ತೇ ಉಸಿರು ಕೊಡಲಿ ಅನ್ನುತ್ತಿದ್ದಳು. ಲೂಕನ ಸುವಾರ್ತೆಯಲ್ಲಿ ಯೇಸು ಹುಟ್ಟಿದ ಕಥೆಯಲ್ಲಿ ಗೋದಲಿ ಇದೆ, ಎತ್ತಿನ ಹೆಸರಿಲ್ಲ. ಎತ್ತು, ಕತ್ತೆ ಎರಡೂ ಒಟ್ಟಿಗೆ ಬರುವ ಒಂದು ವಚನ ಬೈಬಲ್‌ನ ಯೆಶಾಯನ ಮೊದಲ ಅಧ್ಯಾಯದಲ್ಲಿದೆ. ಎತ್ತಿಗೆ ತನ್ನ ಒಡೆಯ ಯಾರು ಅಂತ ಗೊತ್ತು, ಕತ್ತೆಗೆ ತನ್ನ ಯಜಮಾನನ ಗೋದಲಿ ಗೊತ್ತು ಅಂತ ಅಲ್ಲಿದೆ. ಅವ್ವ ಆ ವಚನ ಓದಿಯೇ ಎತ್ತನ್ನು ಒಳಗಿಡುತ್ತಿದ್ದಳು.

ಒಂದು ವರ್ಷ ನಾನು ಎತ್ತುಗಳನ್ನು ಗೋಧಿ ಸಸಿಯ ನಡುವೆ ನಿಲ್ಲಿಸಿಬಿಟ್ಟೆ. ಮಣ್ಣೆತ್ತು ಸುಟ್ಟಿದ್ದಲ್ಲ, ಹಸಿಮಣ್ಣನ್ನು ಒಣಗಿಸಿದ್ದು. ಬೆಳಿಗ್ಗೆ ನೋಡಿದರೆ ಒಂದರ ಮುಂಗಾಲು ನೀರಿಗೆ ಕರಗಿ, ಕೋಡಿನ ತುದಿ ಸಸಿಗೆ ತಾಗುವಷ್ಟು ಮುಂದಕ್ಕೆ ಬಾಗಿತ್ತು. ನಾನು ಅಳತೊಡಗಿದೆ. ಅವ್ವ ಅದನ್ನು ಎರಡು ಕೈಯಲ್ಲಿ ಎತ್ತಿ, ಕಾಲು ಮಡಚಿದ ಹಾಗೆ ಒದ್ದೆ ಬೆರಳಿಂದ ತಿದ್ದಿ, ಗೋದಲಿ ಪಕ್ಕಕ್ಕೆ ಇಟ್ಟಳು. ಮೊಣಕಾಲೂರಿ ಕೂಸನ್ನು ನೋಡುತ್ತಿರುವ ಎತ್ತು. ಆ ಎತ್ತು ಈಗಲೂ ನನ್ನ ಹತ್ತಿರ ಇದೆ. ಅಂದಿನಿಂದ ಎತ್ತಿನ ಕೆಳಗೆ ಒಂದು ಹಂಚಿನ ಚೂರು ಇಡುತ್ತೇನೆ. ನೀನೂ ಇಡು.

ಕೆಂಪಿಗೆ ಬ್ಯಾಡಗಿ ಮೆಣಸಿನಕಾಯಿ. ದಾರದಲ್ಲಿ ಪೋಣಿಸಿ ಮಾಡದ ಮೇಲಂಚಿಗೆ ಕಟ್ಟು. ಆ ಕಡುಗೆಂಪು ನೀಲಿ ಖಣದ ಮೇಲೆ ಎಷ್ಟು ಚಂದ ಕಾಣುತ್ತದೆ ಅಂತೀಯ! ಮಗನ ಕೈಗೆ ಸಿಗದ ಎತ್ತರದಲ್ಲಿರಲಿ, ಮುಟ್ಟಿ ಕಣ್ಣು ಉಜ್ಜಿಕೊಂಡರೆ ಕಷ್ಟ. ಹಾವೇರಿ ಏಲಕ್ಕಿ ಮಾಲೆ ಇದೆಯಲ್ಲ ಅದನ್ನೂ ಹಾಕಲಾ ಅಂತ ನೀನು ಕೇಳುತ್ತೀಯ, ನನಗೆ ಗೊತ್ತು. ಬೇಡ. ಎರಡು ಮಾಲೆ ಹಾಕಿದರೆ ಗೋದಲಿ ಮುಚ್ಚಿಹೋಗುತ್ತದೆ. ಅದನ್ನು ಬಾಗಿಲ ಚೌಕಟ್ಟಿಗೆ ಕಟ್ಟು, ಬಂದವರಿಗೆ ಪರಿಮಳ ಸಿಗುತ್ತದೆ. ಹತ್ತಿಯನ್ನು ಹಿಮ ಅಂತ ಎಲ್ಲ ಕಡೆ ಉದುರಿಸುವುದೂ ಬೇಡ. ಹಿಡಿಯಷ್ಟು ಹತ್ತಿ ತಗೊಂಡು ಕೂಸಿಗೆ ಹಾಸಿಗೆ ಮಾಡು.

ಆದರೆ ಕೂಸನ್ನು ಈಗಲೇ ಮಲಗಿಸಬೇಡ. 24ರ ರಾತ್ರಿ ತನಕ ಗೋದಲಿ ಖಾಲಿ ಇರಲಿ. ಮನೆಗೆ ಬಂದವರು, ಕೂಸೆಲ್ಲಿ ಅಂತ ಕೇಳುತ್ತಾರೆ. ಇನ್ನೂ ಬಂದಿಲ್ಲ, ಕಾಯುತ್ತಿದ್ದೇವೆ ಅಂತ ನಿನ್ನ ಮಗ ಹೇಳಲಿ. ಕೂಸನ್ನು ನೋಡಲು ಪೂರ್ವದಿಂದ ಬಂದ ಜ್ಞಾನಿಗಳ ಗೊಂಬೆಗಳನ್ನೂ ಮಾಡದಲ್ಲಿ ತುಂಬಬೇಡ. ಅಡುಗೆಮನೆಯ ಕಿಟಕಿಯಿಂದ ಹೊರಡಿಸಿ, ದಿನಕ್ಕೊಂದಿಷ್ಟು ಮುಂದೆ ಸರಿಸುತ್ತಾ, ಅವರ ಹಬ್ಬದ ದಿನ, ಜನವರಿ 6ಕ್ಕೆ, ತಲುಪಿಸಿದರಾಯಿತು. ಮೂವರೇ ಬೇಕು ಅಂತಿಲ್ಲ. ಮತ್ತಾಯ ತನ್ನ ಸುವಾರ್ತೆಯಲ್ಲಿ ಎಷ್ಟು ಜನ ಅಂತ ಬರೆದಿಲ್ಲ, ಚಿನ್ನ, ಧೂಪ, ರಕ್ತಬೋಳ ಅಂತ ಕಾಣಿಕೆ ಮೂರು ಇವೆ ಅಷ್ಟೇ. ನಿನ್ನ ಹತ್ತಿರ ಎರಡು ಗೊಂಬೆ ಇದ್ದರೆ ಎರಡೇ ಇಡು.

ತಮ್ಮಾ, ನಿನ್ನ ಮನೆಯಲ್ಲಿ ಟ್ರೀ ಇಡು, ನಾನು ಬೇಡ ಅನ್ನುವುದಿಲ್ಲ. ಇವಳ ಮನೆಗೆ ಮಾಡ ಸಾಕು.

ಮಗಳೇ, ಗೋಧಿ ಮರೆಯಬೇಡ, 13ರ ರಾತ್ರಿ. ಬರುವ ಭಾನುವಾರ ಪ್ರಾರ್ಥನೆ ಮುಗಿಸಿ ಗದಗಿನ ಬಸ್ ಹತ್ತುತ್ತೇನೆ. ಕಣಿಕೆ ನೀನು ತಂದಿಡು. ಅವ್ವನ ಎತ್ತು ನಾನು ತರುತ್ತೇನೆ, ಮಡಿಲಲ್ಲಿ ಇಟ್ಟುಕೊಂಡೇ ಬರುತ್ತೇನೆ.